ಲ್ಯಾಬಿನ ಕೀಲಿ ಸರೋಜಮ್ಮನ ಸೊಂಟದಲ್ಲಿದೆ

ಜನವರಿಯ ಚಳಿಗೆ ಸೆರಗನ್ನು ತಲೆ ತುಂಬ ಹೊದ್ದುಕೊಂಡು, ಸೂರ್ಯ ಮೂಡುವ ಹೊತ್ತಿಗೆ ಸರೋಜಮ್ಮ ಎಸ್ಟೇಟ್ ಬೇಲಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾರೆ. ಮೇಲೆ ಹಸಿರು, ಅಡಿಯಲ್ಲಿ ನೇರಳೆ ಬಣ್ಣದ ಉದ್ದನೆಯ ಎಲೆಗಳನ್ನು ಒಂದೊಂದಾಗಿ ಕಿತ್ತು, ಇಬ್ಬನಿ ಒರೆಸಿ ಟಿಫಿನ್ ಡಬ್ಬಿಗೆ ಹಾಕಿಕೊಳ್ಳುತ್ತಾರೆ. ಬಂಗಲೆಯವರು ಅಂದಕ್ಕೆಂದು ನೆಟ್ಟ ಗಿಡ ಅದು. ಹತ್ತು ಎಲೆ ಸಿಕ್ಕರೆ ಮೂವತ್ತೊಂದು ಮಕ್ಕಳಿಗೆ ಸಾಕು.

"ದಾಸವಾಳ ಕಿತ್ರೆ ಪೂಜೆಗೆ ಅಂತಾರೆ, ಇದ್ನ ಕಿತ್ರೆ ಇವಳಿಗೆ ತಲೆ ಕೆಟ್ಟೈತೆ ಅಂತಾರೆ. ಅಂದ್ಕಳ್ಲಿ ಬುಡಿ, ನನಗೇನು!"

ಸರೋಜಮ್ಮ ಆಲೂರು ತಾಲ್ಲೂಕಿನ ಒಂದು ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಲ್ಯಾಬಿನ ಅಟೆಂಡರ್. ವಯಸ್ಸು ನಲವತ್ತಾರು. ಹುಟ್ಟಿದ್ದು ದೋಣಿಗಲ್ ಬಳಿಯ ಎಸ್ಟೇಟಿನ ಕೂಲಿ ಲೈನಿನಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ನಪಾಸು, ಅದೂ ವಿಜ್ಞಾನದಲ್ಲೇ! ಇದೇ ಲ್ಯಾಬಿನಲ್ಲಿದ್ದ ಗಂಡ ತೀರಿಕೊಂಡ ಮೇಲೆ ೧೯೯೦ರಲ್ಲಿ ಅನುಕಂಪದ ಮೇಲೆ ಆ ಕೆಲಸ ಇವರಿಗೆ ಬಂತು. ಈ ಹದಿನಾಲ್ಕು ವರ್ಷದಲ್ಲಿ ಆರು ಮಂದಿ ಉಪನ್ಯಾಸಕರಿಗೆ ಸ್ಲೈಡು ತೊಳೆದುಕೊಟ್ಟಿದ್ದಾರೆ. ಆರನೆಯವರು ವರ್ಗವಾಗಿ ಹೋಗಿ ಮೂರು ವರ್ಷವಾಯಿತು, ಏಳನೆಯವರು ಇನ್ನೂ ಬಂದಿಲ್ಲ. ವಾರಕ್ಕೆರಡು ದಿನ ಸಕಲೇಶಪುರದಿಂದ ಎರವಲು ಮೇಷ್ಟ್ರೊಬ್ಬರು ಬಸ್ಸಿಳಿದು, ನೋಟ್ಸು ಬರೆಸಿ, ಅದೇ ಬಸ್ಸು ಹತ್ತುತ್ತಾರೆ. ಅಷ್ಟಕ್ಕೇ ಜೀವಶಾಸ್ತ್ರ ಮುಗಿಯಿತು.

ಹೋದ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ ನೆನೆಸಿಕೊಂಡರೆ ಸರೋಜಮ್ಮನಿಗೆ ಇವತ್ತಿಗೂ ಮೈ ಉರಿಯುತ್ತದೆ. ವರ್ಷಪೂರ್ತಿ ಲ್ಯಾಬಿಗೆ ಬೀಗ. ಮಕ್ಕಳು ಮೈಕ್ರೋಸ್ಕೋಪನ್ನು ಕಂಡದ್ದೇ ಪರೀಕ್ಷೆಯ ದಿನ. ಉಪ್ಪುನೀರಿನಲ್ಲಿ ಜೀವಕೋಶ ಏನಾಗುತ್ತದೆ ನೋಡಿ ಚಿತ್ರ ಬರೆಯಿರಿ ಎಂದರು ಪರೀಕ್ಷಕರು. ಒಂಬತ್ತು ಮಕ್ಕಳು ದುಂಡಗೆ, ಅಂಚು ಕಪ್ಪಾಗಿ, ಅಚ್ಚುಕಟ್ಟಾಗಿ ಬರೆದರು. ಜೀವಕೋಶವಲ್ಲ, ಗಾಜಿನಡಿ ಸಿಕ್ಕಿಬಿದ್ದಿದ್ದ ಗಾಳಿಗುಳ್ಳೆ! ಅದಕ್ಕೆ ಬಾಣ ಹಾಕಿ ಹೆಸರನ್ನೂ ಗುರುತಿಸಿದ್ದರು.

"ಟ್ರೇ ಹಿಡ್ಕಂಡು ಬಾಗ್ಲಲ್ಲೇ ನಿಂತಿದ್ದೆ ಕಣ್ರೀ. ಅದು ಗುಳ್ಳೆ ಕಣವ್ವ, ಸ್ಲೈಡ್ ಒಸಿ ಸರಿಸು ಅನ್ನಕ್ಕೆ ನಾಲ್ಗೆ ತುದೀಗ್ ಬಂದಿತ್ತು. ಪರೀಕ್ಷೆ, ಬಾಯ್ ಬುಡಂಗಿಲ್ಲ. ಆ ಒಂಬತ್ರಾಗೆ ಒಬ್ಳು ಚೈತ್ರಶ್ರೀ, ಅತ್ಕಂಡು ಹೋದ್ಲು. ಪುಸ್ತಕ ಪೂರ್ತಿ ಬಾಯಿಪಾಠ ಆ ಹುಡ್ಗೀಗೆ! ಕಣ್ಣೆದ್ರಿಗೆ ಮಕ್ಳು ದಾರಿ ತಪ್ತಾವೆ, ಸೊಂಟದಾಗೆ ಕೀಲಿ ಐತೆ, ಸುಮ್ನೆ ನಿಂತಿದೀನಿ. ಥೂ ನನ್ನ ಜನ್ಮಕ್ಕೆ ಅನ್ನಿಸ್ಬುಡ್ತು."

ಜೂನ್ ಬಂದದ್ದೇ ತಡ, ಲ್ಯಾಬಿನ ಬಾಗಿಲು ತೆರೆಯಿತು. ಬೆಳಿಗ್ಗೆ ಏಳೂವರೆಯಿಂದ ಒಂಬತ್ತು. ಐದು ಮೈಕ್ರೋಸ್ಕೋಪಿನಲ್ಲಿ ನೆಟ್ಟಗಿರುವುದು ಎರಡೇ, ಹಾಗಾಗಿ ಸಾಲು. ಸರೋಜಮ್ಮ ಬ್ಲೇಡಿನ ತುದಿಯಿಂದ ಎಲೆಯಡಿಯ ನೇರಳೆ ಸಿಪ್ಪೆಯನ್ನು ಎಬ್ಬಿಸಿ ಗಾಜಿನ ಮೇಲೆ ಹಾಸುತ್ತಾರೆ, ಮೇಲೊಂದು ಹನಿ ಉಪ್ಪುನೀರು. ನೋಡನೋಡುತ್ತಿದ್ದಂತೆ ಪ್ರತಿ ಕೋಶದ ಬಣ್ಣವೂ ಗೋಡೆ ಬಿಟ್ಟು ನಡುವಿಗೆ ಮುದುಡಿಕೊಳ್ಳುತ್ತದೆ.

"ರಕ್ತ ಹೀರೋ ಇಂಬಳಕ್ಕೆ ಉಪ್ಪು ಹಾಕಿದ್ರೆ ಯಾಕೆ ಸುರುಟ್ಕಳ್ತದೆ? ಒಳಗಿನ ನೀರು ಉಪ್ಪಿರೋ ಕಡೀಕೆ ಹೊಂಟೋಯ್ತದೆ. ಇಲ್ಲೂ ಅದೇಯ. ಈಗ ಸಪ್ಪೆ ನೀರು ಹಾಕು, ತಿರ್ಗಾ ಉಬ್ಕಳ್ತದೆ ನೋಡು."

ಗೋಡೆಗೆ ಒರಗಿಸಿದ ರಟ್ಟಿನ ಮೇಲೆ ಮೂಳೆಗಳಿವೆ. ಕರೆಂಟು ತಂತಿಗೆ ಸಿಕ್ಕಿ ಸತ್ತ ಬಾವಲಿಯ ರೆಕ್ಕೆ, ಕೋಳಿಯ ರೆಕ್ಕೆ, ಕುರಿಯ ಮುಂಗಾಲು. ಮನೆಯ ಹಿತ್ತಲಲ್ಲಿ ಬೇಯಿಸಿ, ಉಜ್ಜಿ, ದಾರದಲ್ಲಿ ಹೊಲಿದವರು ಇವರೇ. ಬೀದಿಯವರು ಮೂಗು ಮುಚ್ಚಿಕೊಂಡು ಬೈದದ್ದೂ ಆಯಿತು. ಹಾರುವುದಕ್ಕೂ ನಡೆಯುವುದಕ್ಕೂ ಒಂದೇ ಮಾದರಿಯ ಮೂಳೆ ಹೇಗೆ ಬದಲಾಗಿದೆ ಎಂದು ಮಕ್ಕಳು ಈಗ ಮುಟ್ಟಿ ಹೇಳುತ್ತಾರೆ.

ಜೀವವಿಕಾಸದ ಪಾಠಕ್ಕೆ ಇವರ ಅವ್ವನ ಕಾಲದ ಕಾಫಿಗಿಡವೇ ಸಾಕ್ಷಿ. "ಎಲೆರೋಗ ಬಂದು ತೋಟವೇ ಬೋಳಾಗೋಯ್ತು, ಅಲ್ಲೊಂದು ಇಲ್ಲೊಂದು ಗಿಡ ಹಸ್ರಾಗೇ ನಿಂತಿತ್ತು. ರೋಗ ಬಂದ್ಮೇಲೆ ಗಿಡ ಬುದ್ಧಿ ಕಲೀತು ಅಂತ ಬರೀಬ್ಯಾಡ್ರೋ! ಅದು ಮೊದ್ಲೇ ಬ್ಯಾರೆ ಥರ ಇತ್ತು, ಅದ್ಕೇ ಉಳೀತು. ಉಳಿದುದ್ರ ಬೀಜ ಮುಂದಕ್ಕೋಯ್ತು."

ಇಷ್ಟು ಚೆನ್ನಾಗಿ ನಡೆಯುತ್ತಿದ್ದರೆ ಯಾರಿಗಾದರೂ ಸುಮ್ಮನಿರಲು ಆಗುತ್ತದೆಯೇ? ಹೋದ ವಾರ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಬೋರ್ಡಿನ ಮೇಲಿದ್ದ ಜೀವಕೋಶದ ಚಿತ್ರ ನೋಡಿ, ಬರೆದವರು ಯಾರು ಎಂದರು. ನಾನೇ ಸಾರ್ ಎಂದರು ಸರೋಜಮ್ಮ. ನಿನ್ನ ವಿದ್ಯಾರ್ಹತೆ ಏನಮ್ಮ ಎಂದು ಕೇಳಿ, ಉತ್ತರಕ್ಕೂ ಕಾಯದೆ ಕಾರು ಹತ್ತಿದರು. ಮೂರು ದಿನಕ್ಕೆ ಮೆಮೊ ಬಂತು. ಅಟೆಂಡರ್ ಬೋಧನೆ ಮಾಡತಕ್ಕದ್ದಲ್ಲ. ಉಪನ್ಯಾಸಕರ ನೇಮಕವಾಗುವವರೆಗೆ ಲ್ಯಾಬಿಗೆ ಬೀಗ ಹಾಕಿ ಕೀಲಿಯನ್ನು ಕಚೇರಿಗೆ ಒಪ್ಪಿಸತಕ್ಕದ್ದು. ತಪ್ಪೊಪ್ಪಿಕೊಂಡು ಬರೆದುಕೊಡದಿದ್ದರೆ ಶಿಸ್ತುಕ್ರಮ. ಪರೀಕ್ಷೆಗೆ ಉಳಿದಿರುವುದು ಹತ್ತೊಂಬತ್ತು ದಿನ. ಮೂರು ವರ್ಷದಿಂದ ಉಪನ್ಯಾಸಕರನ್ನು ಕಳಿಸಲಾಗದವರಿಗೆ ಬೀಗ ಹಾಕಿಸಲು ಮೂರೇ ದಿನ ಸಾಕಾಯಿತು!

ಉತ್ತರ ಕೊಡಲು ಇವತ್ತೇ ಕೊನೆ. ಪ್ರಿನ್ಸಿಪಾಲ್ ಬಸವಯ್ಯ ಒಳ್ಳೆಯವರು, ಆದರೆ ಪುಕ್ಕಲು ಮನುಷ್ಯ. "ಎರಡು ಸಾಲು ಕ್ಷಮೆ ಬರ್ದು ಕೀಲಿ ಕೊಟ್ಬಿಡಮ್ಮ. ಯಾಕೆ ಎದುರು ಹಾಕ್ಕೋತೀಯ?" ಎಂದು ನಿನ್ನೆಯಿಂದ ಗೋಗರೆಯುತ್ತಿದ್ದಾರೆ.

ಒಂಬತ್ತಕ್ಕೆ ಕೊನೆಯ ಹುಡುಗಿ ವಾಣಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, "ಆಂಟಿ, ಇದು ಗುಳ್ಳೆ. ಸ್ಲೈಡ್ ಸರಿಸ್ಲಾ?" ಎನ್ನುತ್ತಾಳೆ. ಸರೋಜಮ್ಮನ ಮುಖ ಅರಳುತ್ತದೆ. "ಸರಿಸವ್ವ, ಸರಿಸು" ಎಂದು ಹೇಳಿ, ಕೈ ಒರೆಸಿಕೊಂಡು, ಒಂದು ಹಾಳೆ ತೆಗೆದು ನಿಂತಲ್ಲೇ ಬರೆಯುತ್ತಾರೆ. ನೆಟ್ಟಗೆ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಮೇಜಿನ ಮೇಲಿಡುತ್ತಾರೆ. ಬಸವಯ್ಯ ಕನ್ನಡಕ ಏರಿಸಿಕೊಂಡು ಓದುತ್ತಾರೆ.

"ಲ್ಯಾಬಿನ ಕೀಲಿ ನನ್ನಲ್ಲಿದೆ. ಉಪನ್ಯಾಸಕರು ಬಂದ ದಿನ ಅವರ ಕೈಗೇ ಕೊಡುತ್ತೇನೆ. ಅಲ್ಲಿಯವರೆಗೆ ಕೊಡುವುದಿಲ್ಲ. ಇಂತಿ, ಸರೋಜಮ್ಮ, ಎಸ್ಸೆಸ್ಸೆಲ್ಸಿ, ವಿಜ್ಞಾನದಲ್ಲಿ ನಪಾಸು."

"ಅಯ್ಯೋ, ಆ ಕೊನೇದು ಯಾಕಮ್ಮ ಬೇಕಿತ್ತು?"

"ಅವತ್ತು ಬಂದಿದ್ದ ಸಾಹೇಬ್ರು ಕೇಳಿದ್ರಲ್ಲ ಸಾರ್. ಉತ್ರ ಕೇಳಿಸ್ಕಳ್ದೆ ಹೊಂಟೋಗ್ಬುಟ್ರು."