ನಡುಗಡ್ಡಿಗೆ ಹತ್ತು ದಿನ ರಜೆ

ಗೆಳೆಯರೇ, ಇವತ್ತು ನನ್ನ ರಜೆ ಮಂಜೂರಾಯಿತು, ಆದರೆ ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ. ಲಕ್ಷದ್ವೀಪದಲ್ಲಿ ಹಾಯಾಗಿ ಬಿದ್ದುಕೊಳ್ಳಲು ಹತ್ತು ದಿನ ಕೇಳಿದ್ದೆ. ನಮ್ಮ ರಾಯಚೂರು ಕಚೇರಿಯ ಹೆಡ್ ಕ್ಲಾರ್ಕ್ ದೇವದುರ್ಗದ ಹೊಳೆದಂಡೆಯವರು. ಅರ್ಜಿ ಓದಿ ಕೇಳಿದರು:

“ದ್ವೀಪ ಅಂದ್ರ ನಮ್ಮ ಹೊಳ್ಯಾಗಿನ ನಡುಗಡ್ಡಿ ಹೌದಿಲ್ರೀ? ಸುತ್ತ ನೀರು?”

“ಹೌದ್ರೀ.”

“ನಮ್ಮ ಅಕ್ಕನ್ನ ಗಡ್ಡಿಗೇ ಕೊಟ್ಟೀವಿ. ಹೊಳಿ ತುಂಬಿ ಬಂತಂದ್ರ ಈಚಿಗೆ ಬರಾಕ ಆಗಂಗಿಲ್ಲ ಅಂತ ಅಳ್ತಾಳ. ನೀವು ಟ್ರಂಕ್ ಕಾಲ್ ಮಾಡಿ, ಹಡಗಿನ ಟಿಕೀಟ್ ತಗೊಂಡು ಸಿಕ್ಕೊಳ್ಳಾಕ ಹೊಂಟೀರಿ?”

ಅರ್ಜಿಯಲ್ಲಿದ್ದ ಹತ್ತನ್ನು ಹೊಡೆದುಹಾಕಿ ಇಪ್ಪತ್ತು ಎಂದು ಬರೆದರು.

“ನೀರು ಇಳೀಬೇಕಲ್ರೀ. ಒಣಗಿಸಿದ ಕಟಕ ರೊಟ್ಟಿ ಕಟ್ಟಿಸ್ಕೊಂಡು ಹೋಗ್ರಿ, ಕೆಡಂಗಿಲ್ಲ.”

ಮನೆಗೆ ಬಂದು ಇದನ್ನು ಹೇಳಿ ನಕ್ಕೆ. ಹೆಂಡತಿ ನಗಲಿಲ್ಲ. ಅವಳ ತವರೂ ಹೊಳೆದಂಡೆಯೇ. ಈಗ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳುತ್ತಿದೆ, ಪೂರಾ ಇಪ್ಪತ್ತು ದಿನದ್ದು.