ಅವ್ವನಿಗೆ ಹಚ್ಚಿದ ‘ರೀ’

ಇವತ್ತು ಸಂತೆಯಲ್ಲಿ ಭೇಳದ ಗಾಡಿಯ ಹತ್ತಿರ ಹುಣಸೆಹುಳಿಯ ವಾಸನೆ ಬಂತು. ಕೊಲ್ಹಾಪುರದ ರಂಕಾಳಾ ಕೆರೆ ಕಣ್ಣೆದುರು ನಿಂತಿತು.

ನಾನಾಗ ಇನ್ನೂ ಸಾಲಿಗೆ ಹೋಗದ ಹುಡುಗಿ. ಎರಡು ದಿನ ಊರು ನೋಡೋಣವೆಂದು ಗಡಹಿಂಗ್ಲಜದಿಂದ ಕೆಂಪು ಬಸ್ಸಿನಲ್ಲಿ ಅಲ್ಲಿದ್ದ ಅಪ್ಪನ ಗೆಳೆಯರ ಮನೆಗೆ ಹೋಗಿದ್ದೆವು. ಬೆಲ್ಲದ ವ್ಯಾಪಾರಿಯಾದ ಆ ಕಾಕಾ ಮತ್ತು ಅವರ ಹೆಂಡತಿ ಕಾಕುಗೆ ಮಕ್ಕಳಿರಲಿಲ್ಲ. ಐತವಾರ ಸಂಜೆ ಕಾಕು ನನಗೆ ಹೊಸ ಪರಕಾರ ತೊಡಿಸಿ, ಕೆರೆಯ ದಂಡೆಗೆ ಕರೆದೊಯ್ದು ಭೇಳ ಕೊಡಿಸಿದರು. ಅವ್ವನಿಗೂ ಒಂದು ಪೊಟ್ಟಣ ಕಟ್ಟಿಸಿಕೊಂಡೆ.

ತಿರುಗಿ ಬಂದರೆ ಅಪ್ಪ, ಅವ್ವ, ತಮ್ಮ ಯಾರೂ ಇರಲಿಲ್ಲ. ನನ್ನ ಬಟ್ಟೆಯ ಗಂಟು ಮಾತ್ರ ಮೂಲೆಯಲ್ಲಿತ್ತು.

“ಅವ್ವ ಎಲ್ಲಿ ಹೋದಳ್ರೀ?”

“ಊರಿಗೆ ಹೋದ್ಲು. ಇನ್ನ ಮ್ಯಾಲೆ ನೀ ನಮ್ಮ ಮಗಳವಾ. ನನಗ ಆಯಿ ಅನ್ನು,” ಎಂದರು ಕಾಕು.

ಪೊಟ್ಟಣ ಹಿಡಿದೇ ಬಾಗಿಲಿಗೆ ಓಡಿದೆ. ಕಾಕಾ ಅಗಳಿ ಹಾಕಿಬಿಟ್ಟರು.

ದೀಪಾವಳಿಗೆ ಅವ್ವ ಬಂದಳು. “ಬಾರ ನನ್ನ ಕೂಸ,” ಎಂದು ಕೈಚಾಚಿದಳು. ನಾನು ದೂರ ನಿಂತು, ಪರವೂರಿನ ಬೀಗರಿಗೆ ಹೇಳುವಂತೆ, “ಬರ್ರಿ, ಕೂಡ್ರಿ,” ಎಂದೆ. ಅವಳು ಹೊಸ್ತಿಲಲ್ಲೇ ಕುಸಿದಳು.

ಈಗ ಅವ್ವ, ಆಯಿ ಇಬ್ಬರೂ ಇಲ್ಲ. ಆಯಿ ನನ್ನನ್ನು ಅಕ್ಕರೆಯಿಂದಲೇ ಬೆಳೆಸಿದಳು. ಹೆತ್ತವಳ ಜೊತೆ ಮಾತ್ರ, ಅವಳು ಹೋಗುವತನಕ, ‘ರೀ’ ಹಚ್ಚಿಯೇ ಮಾತಾಡಿದೆ.