ಪಕ್ಕದ ಗೋಡೆಯ ಗಾಜು

ಯಶವಂತಪುರದ ಇಕ್ಕಟ್ಟಾದ ಓಣಿಯೊಂದರಲ್ಲಿ ಹಳೆಯ ಹೆರಿಗೆ ಆಸ್ಪತ್ರೆಯಿತ್ತು. ಅದರ ಮೇಲೆ ಇನ್ನೊಂದು ಮಹಡಿ ಏರಬೇಕಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳವು. ನಾನು ಎಂಜಿನಿಯರಾಗಿ ಕೆಲಸಕ್ಕೆ ಸೇರಿ ವರ್ಷವಾಗಿತ್ತಷ್ಟೆ. ಹಳೆಯ ಕಲ್ಲಿನ ಗೋಡೆಗಳು ಹೊಸ ಭಾರ ತಾಳಲಾರವೆಂದು, ಹೊರಬದಿಯಿಂದ ಕಂಬ ಎಬ್ಬಿಸುವ ಲೆಕ್ಕ ಹಾಕಿದವಳು ನಾನೇ. ಒಂದು ಪಕ್ಕದಲ್ಲಿ ಜಾಗವೇ ಇರಲಿಲ್ಲ. ಕಂಬಗಳ ಗುಂಡಿಯನ್ನು ನೆರೆಮನೆಯ ಗೋಡೆಗೆ ತಾಗಿದಂತೆ, ಅದರ ಪಾಯಕ್ಕಿಂತ ಆಳಕ್ಕೆ ತೋಡಬೇಕಿತ್ತು. ಆ ಗೋಡೆಯ ಒಳಗೆ ಒಂದು ಸಂಸಾರ ಮಲಗುತ್ತಿತ್ತು.

ಗೋಡೆಯ ಒಳಬದಿಯಲ್ಲಿ ಹಳೆಯ ಬಿರುಕೊಂದಿತ್ತು. ಅದಕ್ಕೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಗಾರೆಯಿಂದ ಅಂಟಿಸಿದೆ. ಗೋಡೆ ಸ್ವಲ್ಪ ಕದಲಿದರೂ ಗಾಜು ಸೀಳುತ್ತದೆ. ದಿನವೂ ಬೆಳಿಗ್ಗೆ ಅದನ್ನು ನೋಡಿದ ಮೇಲೆಯೇ ನಾನು ಅಗೆತಕ್ಕೆ ಒಪ್ಪಿಗೆ ಕೊಡುತ್ತಿದ್ದೆ. ಗಂಡ, ಮಕ್ಕಳು ಮಂಡಿಯ ವ್ಯಾಪಾರಕ್ಕೆ ಹೋದ ಮೇಲೆ ಆ ಮನೆಯಾಕೆ ನನಗೂ ಒಂದು ಲೋಟ ಚಹಾ ಸೋಸುತ್ತಿದ್ದರು. ಆರ್.ಟಿ. ನಗರದ ಬಾಡಿಗೆ ಕೋಣೆಯಲ್ಲಾಗಲಿ ಕಚೇರಿಯಲ್ಲಾಗಲಿ, ತಿಂಡಿ ಆಯಿತೇ ಎಂದು ನನ್ನನ್ನು ಕೇಳುವವರಿರಲಿಲ್ಲ. ಅವರು ಕೇಳುತ್ತಿದ್ದರು.

ಇನ್ನೆರಡು ಗುಂಡಿ ಉಳಿದಿದ್ದಾಗ ನನಗೆ ಜ್ವರ ಬಂತು. ಮೂರು ದಿನ ಬಿಟ್ಟು ಹೋದರೆ ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ಬಿರುಕೂ ಇಲ್ಲ, ಗಾಜೂ ಇಲ್ಲ.

"ಹಬ್ಬ ಬಂತಲ್ಲ ಬೇಟಿ, ಸುಣ್ಣ ಹೊಡಿಸ್ದೆ. ನಿಮ್ದು ಗಾಜು ಹುಷಾರಾಗಿ ಬಿಡಿಸಿ ಇಟ್ಟಿದೀನಿ, ಏನೂ ಆಗಿಲ್ಲ ನೋಡಿ" ಎಂದು ಮನೆಯಾಕೆ ಬಟ್ಟೆಯ ಗಂಟು ಬಿಚ್ಚಿದರು. ತೊಳೆದು ಒರೆಸಿದ ಗಾಜು.

ನಾನಿಲ್ಲದ ದಿನಗಳಲ್ಲೂ ಅಗೆತ ನಡೆದಿತ್ತು. ಅಷ್ಟರಲ್ಲಿ ಗೋಡೆ ಕದಲಿತ್ತೋ ಇಲ್ಲವೋ, ತಿಳಿಯುವ ದಾರಿ ಉಳಿದಿರಲಿಲ್ಲ. ಕೆಲಸ ನಿಲ್ಲಿಸಿ ಎಂದೆ.

ಮೇಸ್ತ್ರಿ ನಕ್ಕರು. "ಗಾಜು ಒಡ್ದಿಲ್ವಲ್ಲ ಮೇಡಂ, ನಿಮ್ ಕೈಯಲ್ಲೇ ಇದ್ಯಲ್ಲ! ಇನ್ನೇನ್ ಗೋಡೆನೇ ಬಂದು ನಿಮ್ಗೆ ವರದಿ ಕೊಡ್ಬೇಕಾ?"

ಕೆಲಸದವರೆಲ್ಲ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಆದರೂ ತೋಡಿದ್ದ ಗುಂಡಿಯ ಬದಿಗೆ ಹಲಗೆ, ಮರದ ಆಸರೆ ಕೊಡಿಸಿದೆ. ಸುಣ್ಣ ಕೆರೆದು ಹೊಸ ಗಾಜು ಅಂಟಿಸಿದೆ. ಒಂದು ವಾರ ಯಾರೂ ಗುದ್ದಲಿ ಎತ್ತಕೂಡದು ಎಂದು ಬರೆದು ಸಹಿ ಹಾಕಿದೆ. ಕಚೇರಿಯಲ್ಲಿ ಹಿರಿಯ ಅಧಿಕಾರಿ ಆ ಕಾಗದವನ್ನು ಓದಿ ಟ್ರೇಯಲ್ಲಿಟ್ಟರು. ಆ ವಾರ ಮಧ್ಯಾಹ್ನದ ಊಟಕ್ಕೆ ನನ್ನ ಮೇಜಿನ ಹತ್ತಿರ ಯಾರೂ ಕುರ್ಚಿ ಎಳೆದುಕೊಳ್ಳಲಿಲ್ಲ.

"ನನ್ನಿಂದ ನಿಮ್ಗೆ ಬೈಗುಳ ಬಿತ್ತಾ?" ಎಂದು ಆಕೆ ದಿನಾ ಕೇಳುತ್ತಿದ್ದರು. ಇಲ್ಲವೆನ್ನುತ್ತಿದ್ದೆ.

ಗಾಜು ಸೀಳಲಿಲ್ಲ. ಒಂದು ಗುಂಡಿ ತುಂಬಿದ ಮೇಲೆಯೇ ಇನ್ನೊಂದನ್ನು ತೋಡಿಸಿದೆ. ಎರಡಕ್ಕೂ ಕಾಂಕ್ರೀಟು ಬಿದ್ದು ಗಟ್ಟಿಯಾಯಿತು, ಸುತ್ತ ಮಣ್ಣು ಮುಚ್ಚಿ ಗಟ್ಟಿಸಿದ್ದೂ ಆಯಿತು. ಗೋಡೆಗೆ ಇನ್ನು ಭಯವಿಲ್ಲ, ಗಾಜು ನೋಡುವ ಅಗತ್ಯವೂ ಇಲ್ಲವೆಂದು ಅಂದು ಬೆಳಿಗ್ಗೆ ಕೆಲಸದ ದಾಖಲೆ ಪುಸ್ತಕದಲ್ಲಿ ಬರೆದೆ.

ಆಕೆ ಲೋಟ ಕೈಗಿತ್ತು ಕೇಳಿದರು, "ಇನ್ನೂ ಎಷ್ಟ್ ದಿನ ನೋಡ್ಬೇಕು ಇದನ್ನ?"

"ಇನ್ನೊಂದು ವಾರ" ಎಂದೆ.